ಬೈಕಿನ ರಕ್ಷೆ, ಸವಾರನ ರಕ್ಷೆ

(ಬಾನುಲಿ ಭಾಷಣ)

ದ್ವಿಚಕ್ರವಾಹನವೆಂಬುದು ತನ್ನಷ್ಟಕ್ಕೆ ತಾನೇ ನಿಲ್ಲಲಾರದ ಯಂತ್ರ. ಚಲಿಸುತ್ತಿರುವಾಗ ಅದರ ವೇಗವೂ ಸವಾರನ ಹತೋಟಿಯೂ ಅದನ್ನು ನೆಟ್ಟಗೆ ಹಿಡಿದಿರುತ್ತವೆ. ನಿಂತಾಗ ಸವಾರನ ಕಾಲೋ, ವಾಹನದ ಸ್ಟ್ಯಾಂಡೋ ಅದಕ್ಕೆ ಆಸರೆ. ಈ ಆಸರೆಗಳಲ್ಲಿ ಯಾವುದು ತಪ್ಪಿದರೂ ಅದು ಬೀಳುತ್ತದೆ. ಆದಕಾರಣ ಬೈಕು ಬಿದ್ದೀತೇ ಎಂದು ಚಿಂತಿಸುವುದಕ್ಕಿಂತ, ಬಿದ್ದಾಗ ಅದರ ಯಾವ ಭಾಗ ಮೊದಲು ನೆಲ ಮುಟ್ಟುತ್ತದೆ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ಚಿಕ್ಕ ಸ್ಪೋರ್ಟ್ಸ್ ಬೈಕುಗಳಿಗೆ ಹಾಕಿಸುವ ರಕ್ಷಣಾ ಸಾಧನಗಳ ವಿಚಾರವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ನಮ್ಮ ಹಳೆಯ ಮೋಟಾರು ಸೈಕಲ್ಲುಗಳಲ್ಲಿ ಈ ಸಮಸ್ಯೆ ಇಷ್ಟು ಜಟಿಲವಾಗಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳನ್ನು ನೆನಪಿಸಿಕೊಳ್ಳಿ. ಉಕ್ಕಿನ ಕೊಳವೆಗಳ ಚೌಕಟ್ಟು ಹೊರಗೇ ಕಾಣುತ್ತಿತ್ತು. ಅದರ ಮುಂಭಾಗಕ್ಕೆ ಬಾಗಿಸಿದ ಕೊಳವೆಯ ಲೆಗ್ ಗಾರ್ಡೊಂದನ್ನು ಬಿಗಿಸಿದರೆ ಮುಗಿಯಿತು. ಬಿದ್ದರೆ ಲೆಗ್ ಗಾರ್ಡ್ ಬಾಗುತ್ತಿತ್ತು, ಗ್ಯಾರೇಜಿನವನು ಅದನ್ನು ಬಡಿದು ನೆಟ್ಟಗೆ ಮಾಡುತ್ತಿದ್ದ.

ಇಂದಿನ ಚಿಕ್ಕ ಸ್ಪೋರ್ಟ್ಸ್ ಬೈಕಿನ ರಚನೆ ಬೇರೆ. 2008ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಯಮಹಾ ಆರ್15 ಈ ವರ್ಗಕ್ಕೆ ಒಳ್ಳೆಯ ಉದಾಹರಣೆ. ಎಂಜಿನ್ನಿನ ಗಾತ್ರ 150 ಸಿ.ಸಿ.ಯ ಆಸುಪಾಸು, ವಾಹನದ ತೂಕ ಸುಮಾರು 140 ಕಿಲೋಗ್ರಾಂ. ಎಂಜಿನ್ನಿನ ಅಡಿಯಲ್ಲಿ ತೊಟ್ಟಿಲಿನಂತೆ ಹಾಯುವ ಕೊಳವೆಗಳಿಲ್ಲ. ಎರಡು ಅಗಲವಾದ ತೊಲೆಗಳು ಮೇಲಿನಿಂದ ಎಂಜಿನ್ನನ್ನು ಹಿಡಿದಿರುತ್ತವೆ, ಎಂಜಿನ್ ತಾನೇ ಭಾರ ಹೊರುವ ಅಂಗವಾಗಿರುತ್ತದೆ. ಇಷ್ಟರ ಮೇಲೆ ಗಾಳಿಯನ್ನು ಸೀಳಲೆಂದು ಫೇರಿಂಗ್ ಎಂಬ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಬೈಕು ಮಗುಚಿದರೆ ಈ ಹೊದಿಕೆ, ಹ್ಯಾಂಡಲಿನ ತುದಿ, ಬ್ರೇಕ್ ಮತ್ತು ಕ್ಲಚ್ಚಿನ ಹಿಡಿಗಳು, ಫುಟ್‌ರೆಸ್ಟು, ಎಂಜಿನ್ನಿನ ಪಕ್ಕದ ಮುಚ್ಚಳ ಇವೇ ನೆಲ ಮುಟ್ಟುತ್ತವೆ. ಎಲ್ಲವೂ ದುಬಾರಿಯಾದವು, ಬಡಿದು ನೆಟ್ಟಗೆ ಮಾಡಲು ಬಾರದವು.

ಇದಕ್ಕೆ ಕಂಡುಕೊಂಡ ಪರಿಹಾರವೇ ಫ್ರೇಮ್ ಸ್ಲೈಡರ್. ಹೆಸರು ದೊಡ್ಡದಾದರೂ ವಸ್ತು ಸರಳ: ಎಂಜಿನ್ನನ್ನು ಚೌಕಟ್ಟಿಗೆ ಬಿಗಿದಿರುವ ಬೋಲ್ಟಿನ ಜಾಗದಲ್ಲಿ ಇನ್ನೂ ಉದ್ದವಾದ ಬೋಲ್ಟನ್ನು ಹಾಕಿ, ಅದರ ಹೊರತುದಿಗೆ ಮುಷ್ಟಿಯಷ್ಟು ದಪ್ಪದ ಪ್ಲಾಸ್ಟಿಕ್ ಗುಬುಟೊಂದನ್ನು ಕೂರಿಸುತ್ತಾರೆ. ಅದು ಫೇರಿಂಗಿಗಿಂತ ಸ್ವಲ್ಪ ಹೊರಗೆ ಚಾಚಿರುತ್ತದೆ. ಬೈಕು ಬಿದ್ದರೆ ಮೊದಲು ನೆಲ ಮುಟ್ಟುವುದು ಈ ಗುಬುಟು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. 140 ಕಿಲೋ ತೂಕದ ಬೈಕು ನಿಂತಲ್ಲೇ ಮಗುಚಿ, ಅದರ ಭಾರಕೇಂದ್ರ ಕಾಲು ಮೀಟರಿನಷ್ಟು ಕೆಳಗೆ ಬಂತೆನ್ನಿ. ಅಲ್ಲಿ ಬಿಡುಗಡೆಯಾಗುವ ಶಕ್ತಿ 35 ಕಿಲೋ ಮೂಟೆಯೊಂದನ್ನು ಒಂದು ಮೀಟರ್ ಎತ್ತರದಿಂದ ಕೆಳಕ್ಕೆ ಬಿಟ್ಟಷ್ಟು, ಅಂದರೆ ಸುಮಾರು 340 ಜೂಲ್. ಅದೇ ಬೈಕು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 13,500 ಜೂಲ್, ಅಂದರೆ ಮೊದಲಿನದರ ನಲವತ್ತು ಪಾಲು. ವೇಗ ನೂರಾದರೆ ಶಕ್ತಿ ನಾಲ್ಕು ಪಟ್ಟು ಏರುತ್ತದೆ.

ಈ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಬಿದ್ದ ಬೈಕು ರಸ್ತೆಯ ಮೇಲೆ ಜಾರುತ್ತ ಹೋದರೆ ಅದು ತಿಕ್ಕಾಟದಲ್ಲಿ ಸ್ವಲ್ಪಸ್ವಲ್ಪವಾಗಿ ಖರ್ಚಾಗುತ್ತದೆ. ಬೈಕಿಗೂ ರಸ್ತೆಗೂ ನಡುವಣ ಘರ್ಷಣಾಂಕ ಅರ್ಧ ಎಂದು ಹಿಡಿದರೆ, 50 ಕಿಲೋಮೀಟರ್ ವೇಗದ ಬೈಕು ನಿಲ್ಲಲು ಸುಮಾರು 20 ಮೀಟರ್ ಜಾರಬೇಕು. ಆಗ ಅದರ ಮೇಲೆ ಬೀಳುವ ಬಲ ಎಪ್ಪತ್ತು ಕಿಲೋ ತೂಕದಷ್ಟು ಮಾತ್ರ. ಅದೇ ಬೈಕಿನಿಂದ ಹೊರಚಾಚಿದ ಉಕ್ಕಿನ ಕೊಳವೆ ರಸ್ತೆಯ ಗುಂಡಿಗೋ ವಿಭಜಕದ ಕಲ್ಲಿಗೋ ಸಿಕ್ಕಿ, ಅರ್ಧ ಮೀಟರಿನೊಳಗೆ ಬೈಕು ನಿಂತಿತೆಂದು ಭಾವಿಸಿ. ಬಲ ಒಮ್ಮೆಗೇ ಎರಡೂಮುಕ್ಕಾಲು ಟನ್ ತೂಕದಷ್ಟಾಗುತ್ತದೆ. ಚೌಕಟ್ಟು ತಿರುಚಿಕೊಳ್ಳುವುದು, ಬೈಕು ಪಲ್ಟಿ ಹೊಡೆಯುವುದು ಇಂಥ ಸಂದರ್ಭದಲ್ಲೇ. ಸ್ಲೈಡರಿನ ಕೆಲಸ ಬೈಕನ್ನು ತಡೆದು ನಿಲ್ಲಿಸುವುದಲ್ಲ, ಸಲೀಸಾಗಿ ಜಾರಲು ಬಿಡುವುದು. ಓಟದ ಬೈಕುಗಳ ಸುತ್ತ ಉಕ್ಕಿನ ಪಂಜರ ಕಟ್ಟದಿರುವುದಕ್ಕೆ ಇದೂ ಒಂದು ಕಾರಣ. ನಿಂತಲ್ಲೇ ಮಗುಚುವ ಬೈಕಿಗೆ ಪಂಜರ ಚೆನ್ನಾಗಿಯೇ ಒದಗುತ್ತದೆ. ವೇಗದಲ್ಲಿ ಜಾರುವ ಬೈಕಿಗೆ ಅದೇ ಕೊಕ್ಕೆಯಾಗಬಹುದು.

ಹಾಗಾದರೆ ಗುಬುಟು ಯಾವುದರದಾಗಿರಬೇಕು? ಒಳ್ಳೆಯ ಸ್ಲೈಡರುಗಳನ್ನು ಅಸಿಟಾಲ್ ಎಂಬ ಪ್ಲಾಸ್ಟಿಕ್ಕಿನಿಂದಲೋ ನೈಲಾನಿನಿಂದಲೋ ಕಡೆಯುತ್ತಾರೆ. ಡೆಲ್ರಿನ್ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧವಾದ ಅಸಿಟಾಲನ್ನು ಯಂತ್ರಗಳ ಹಲ್ಲುಗಾಲಿಗಳಿಗೂ ಬಳಸುವುದುಂಟು. ಗಟ್ಟಿ, ನುಣುಪು, ಒಮ್ಮೆಗೇ ಸಿಡಿಯದೆ ಸವೆಯುವ ಗುಣ. ಆದರೆ ಸತತ ಒತ್ತಡದ ಕೆಳಗೆ ಎಂಥ ಪ್ಲಾಸ್ಟಿಕ್ಕೂ ನಿಧಾನವಾಗಿ ತಗ್ಗುತ್ತದೆ. ಬೋಲ್ಟು ನೇರವಾಗಿ ಪ್ಲಾಸ್ಟಿಕ್ಕನ್ನೇ ಒತ್ತಿ ಹಿಡಿದಿದ್ದರೆ ಕೆಲವು ತಿಂಗಳಲ್ಲಿ ಸಡಿಲವಾಗುವುದು ನಿಶ್ಚಯ. ಆದ್ದರಿಂದ ಗುಬುಟಿನ ಒಳಗೆ ಲೋಹದ ಕೊಳವೆಯೊಂದಿದ್ದು ಬೋಲ್ಟಿನ ಬಿಗಿಯನ್ನು ಅದು ಹೊರಬೇಕು. ಬೋಲ್ಟಿನ ತಲೆಯೂ ಗುಬುಟಿನೊಳಗೆ ಆಳವಾಗಿ ಹುದುಗಿರಬೇಕು. ಪ್ಲಾಸ್ಟಿಕ್ ಸವೆದು ಉಕ್ಕಿನ ತಲೆ ರಸ್ತೆಗೆ ತಾಗಿದರೆ ಕಿಡಿ ಹಾರುತ್ತದೆ. ಹೊಳೆಯುವ ಅಲ್ಯೂಮಿನಿಯಮ್ ಮೂತಿಯ ಸ್ಲೈಡರುಗಳು ನೋಡಲು ಚೆಂದ, ಜಾರುವುದರಲ್ಲಿ ಹಿಂದೆ. ಉದ್ದದ ವಿಚಾರದಲ್ಲೂ ದುರಾಸೆ ಸಲ್ಲದು. ಉದ್ದ ಹೆಚ್ಚಿದಷ್ಟೂ ಅದು ಹಾರೆಯಂತಾಗಿ, ನೆಲದ ಪೆಟ್ಟನ್ನು ಹಲವು ಪಟ್ಟು ಹೆಚ್ಚಿಸಿ ಬುಡದಲ್ಲಿರುವ ಎಂಜಿನ್ನಿನ ಎರಕದ ಮೇಲೆ ಹಾಕುತ್ತದೆ. ಫೇರಿಂಗನ್ನು ನೆಲದಿಂದ ದೂರವಿಡಲು ಎಷ್ಟು ಬೇಕೋ ಅಷ್ಟೇ ಸಾಕು.

ನನ್ನ ಅಕ್ಕನ ಮಗ ಇಂಥದೇ ಒಂದು ಬೈಕು ಕೊಂಡಾಗ, ಅಂಗಡಿಯೊಂದರಿಂದ ಒಂದು ಜೊತೆ ಸ್ಲೈಡರನ್ನೂ ತಂದಿದ್ದ. ಬಹುಕಾಲ ವರ್ಕ್‌ಷಾಪಿನಲ್ಲಿ ಕೆಲಸ ಮಾಡಿದವನೆಂದು ನನ್ನನ್ನು ಕರೆಸಿದರು. "ನೀನೇ ಮುಂದೆ ನಿಂತು ಹಾಕಿಸಿಕೊಡು. ಇದೊಂದಿದ್ದರೆ ಹುಡುಗನ ಕೈಕಾಲು ಉಳಿಯುತ್ತದಲ್ಲವೇನೋ?" ಎಂದು ಅಕ್ಕ ಕೇಳಿದಳು. ನಾನು ಮೊದಲು ಹಳೆಯ ಬೋಲ್ಟನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದೆ. ಹಳೆಯದು ಎಂಜಿನ್ನಿನ ಎರಕದೊಳಗೆ 20 ಮಿಲಿಮೀಟರ್ ಹಿಡಿಯುತ್ತಿತ್ತು. ಗುಬುಟಿನ ದಪ್ಪವನ್ನು ಕಳೆದರೆ ಹೊಸದಕ್ಕೆ ಉಳಿಯುತ್ತಿದ್ದುದು 11 ಮಾತ್ರ. "ಮಾವ, ಬಿಗಿಯಾಗಿ ಕೂತರೆ ಸಾಲದೆ?" ಎಂದ ಹುಡುಗ. ಸಾಲದು. 10 ಮಿಲಿಮೀಟರ್ ದಪ್ಪದ ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿನಲ್ಲಿ ಭದ್ರವಾಗಿರಬೇಕಾದರೆ ತನ್ನ ದಪ್ಪದ ಒಂದೂವರೆಯಿಂದ ಎರಡರಷ್ಟು ಆಳ ಒಳಗಿರಬೇಕು. ಆ ಜೊತೆಯನ್ನು ಹಿಂದಿರುಗಿಸಿ, ಸರಿಯಾದ ಅಳತೆಯದನ್ನು ತರಿಸಿದೆವು. ಅಕ್ಕನ ಪ್ರಶ್ನೆಗೆ ಉತ್ತರವನ್ನು ಮುಂದೆ ಹೇಳುತ್ತೇನೆ. ಮೊದಲು ಜೋಡಣೆಯ ಕ್ರಮವನ್ನು ನೋಡೋಣ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೈಕನ್ನು ಸಮನೆಲದ ಮೇಲೆ ಅಲುಗಾಡದಂತೆ ನಿಲ್ಲಿಸಿ, ಎಂಜಿನ್ನಿನ ಅಡಿಗೆ ಮರದ ತುಂಡೊಂದನ್ನಿಟ್ಟು ಜಾಕಿನಿಂದ ಮೆಲ್ಲನೆ ಆಸರೆ ಕೊಡಬೇಕು. ನಾವು ಬಿಚ್ಚುತ್ತಿರುವುದು ಎಂಜಿನ್ನನ್ನೇ ಹಿಡಿದಿರುವ ಬೋಲ್ಟೆಂಬುದನ್ನು ಮರೆಯಬಾರದು. ಆದುದರಿಂದ ಒಂದು ಪಕ್ಕದ್ದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಆಮೇಲಷ್ಟೇ ಇನ್ನೊಂದು ಪಕ್ಕಕ್ಕೆ ಕೈಹಾಕಬೇಕು. ಎರಡನ್ನೂ ಒಟ್ಟಿಗೆ ತೆಗೆದರೆ ಎಂಜಿನ್ ಕೂದಲೆಳೆಯಷ್ಟು ಜರುಗಿದರೂ ರಂಧ್ರಗಳು ಒಂದಕ್ಕೊಂದು ಹೊಂದದೆ ಹೋಗುತ್ತವೆ.

ಹೊಸ ಬೋಲ್ಟನ್ನು ಮೊದಲ ಹಲವು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಒಂದೂಕಾಲು ಮಿಲಿಮೀಟರ್ ಅಂತರದ ಥ್ರೆಡ್ಡಿಗೂ ಒಂದೂವರೆ ಮಿಲಿಮೀಟರಿನದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಬೆರಳು ಒಪ್ಪದಿದ್ದುದನ್ನು ಸ್ಪ್ಯಾನರಿನ ಬಲದಿಂದ ತಿರುಗಿಸಿದರೆ ಎರಕದ ಥ್ರೆಡ್ಡು ಕಿತ್ತುಬರುತ್ತದೆ. ರಂಧ್ರಕ್ಕೆ ಆಚೆ ಬಾಯಿ ಇಲ್ಲದಿದ್ದರೆ ಇನ್ನೊಂದು ಅಪಾಯವುಂಟು: ಬೋಲ್ಟು ಉದ್ದವಾಗಿದ್ದರೆ ಅದರ ತುದಿ ತಳಕ್ಕೆ ತಾಗಿ ಬಿಗಿಯಾದಂತೆ ಭಾಸವಾಗುತ್ತದೆ, ನಿಜವಾಗಿ ಏನನ್ನೂ ಹಿಡಿದಿರುವುದಿಲ್ಲ. ಕೊನೆಯ ಬಿಗಿಯನ್ನು ಟಾರ್ಕ್ ರೆಂಚಿನಿಂದಲೇ, ತಯಾರಕರು ಹೇಳಿದ ಅಳತೆಗೇ ಕೊಡಬೇಕು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಬೋಲ್ಟು ಮುಂದೆ ಸಡಿಲಗೊಂಡಾಗ ಗೆರೆ ಮುರಿದು ತಾನೇ ದೂರು ಹೇಳುತ್ತದೆ. ಒಂಟಿ ಸಿಲಿಂಡರಿನ ಎಂಜಿನ್ನಿಗೆ ಕಂಪನ ಹೆಚ್ಚು. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ, ಅಲ್ಲಿಂದ ಮುಂದೆ ಪ್ರತಿ ಸರ್ವೀಸಿನಲ್ಲೂ ಪರೀಕ್ಷಿಸುವುದು ಒಳ್ಳೆಯದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಯಾವುದೂ ತಾಗುವುದಿಲ್ಲವೆಂದು ನೋಡಬೇಕು.

ಫೇರಿಂಗಿಗೆ ರಂಧ್ರ ಕೊರೆಯಬೇಕೇ ಎಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ಕೊರೆಯಲು ಮನಸ್ಸಿಲ್ಲದವರಿಗಾಗಿ ಉಕ್ಕಿನ ಪಟ್ಟಿಯ ಮೂಲಕ ಗುಬುಟನ್ನು ಪಕ್ಕಕ್ಕೆ ಸರಿಸಿದ ಬಗೆಯೂ ಉಂಟು. ಆದರೆ ಪೆಟ್ಟು ಬಿದ್ದಾಗ ಆ ಪಟ್ಟಿ ಬಾಗುತ್ತದೆ, ಬೋಲ್ಟನ್ನು ತಿರುಚುತ್ತದೆ. ನೇರವಾಗಿ ಕೂತ ಗುಬುಟೇ ಹೆಚ್ಚು ಭದ್ರ. ಕೊರೆಯುವುದಾದರೆ ರಟ್ಟಿನ ಮಾದರಿ ಮಾಡಿ ಜಾಗ ಗುರುತಿಸಿ, ಮೇಲೆ ಟೇಪು ಅಂಟಿಸಿ, ಸಣ್ಣ ರಂಧ್ರದಿಂದ ಆರಂಭಿಸಿ ನಿಧಾನವಾಗಿ ಹಿಗ್ಗಿಸಬೇಕು. ಗುಬುಟಿಗೂ ಫೇರಿಂಗಿಗೂ ನಡುವೆ ಸುತ್ತಲೂ ಒಂದಿಷ್ಟು ಬಿಡುವಿರಲಿ. ಫೇರಿಂಗಿಗಾಗಲಿ ಗುಬುಟಿಗಾಗಲಿ ತಿದ್ದುಪಡಿ ಮಾಡಬಹುದು. ಚೌಕಟ್ಟಿಗೆ ಮಾತ್ರ ಬೆಸುಗೆಯನ್ನೂ ಡ್ರಿಲ್ಲನ್ನೂ ತಾಗಿಸಕೂಡದು.

ಸ್ಲೈಡರ್ ಒಂದೇ ಎಲ್ಲವನ್ನೂ ಕಾಯಲಾರದು. ಹ್ಯಾಂಡಲಿನ ತುದಿಯ ಗಟ್ಟಿ ಬಿರಡೆಗಳು, ಟೊಳ್ಳಾದ ಅಚ್ಚಿನೊಳಗೆ ಸರಳು ತೂರಿಸಿ ಎರಡು ಕೊನೆಗೂ ಕೂರಿಸುವ ಚಿಕ್ಕ ಗುಬುಟುಗಳು ಅದರ ಜೊತೆಗಾರರು. ಎಂಜಿನ್ನಿನ ಪಕ್ಕದ ಮುಚ್ಚಳಗಳಿಗೆ ಹಾಕುವ ರಕ್ಷೆಯನ್ನಂತೂ ನಾನು ವಿಶೇಷವಾಗಿ ಎತ್ತಿ ಹೇಳುತ್ತೇನೆ. ಮುಚ್ಚಳ ಸವೆದು ತೂತಾದರೆ ಎಣ್ಣೆ ರಸ್ತೆಗೆ ಚೆಲ್ಲುತ್ತದೆ. ಹಿಂದೆ ಬರುವ, ಏನೂ ಅರಿಯದ ಇನ್ನೊಬ್ಬ ಸವಾರ ಅದರ ಮೇಲೆ ಜಾರುತ್ತಾನೆ. ಬೈಕಿನ ರಕ್ಷೆಗಳಲ್ಲಿ ಪರರನ್ನೂ ಕಾಯುವುದು ಇದೊಂದು.

ಒಮ್ಮೆ ಬಿದ್ದ ಬೈಕಿನ ಸ್ಲೈಡರ್ ತನ್ನ ಕೆಲಸ ಮುಗಿಸಿತೆಂದೇ ತಿಳಿಯಬೇಕು. ಬೋಲ್ಟನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಅದು ಬಾಗಿದೆಯೇ ಎಂಬುದು ತಿಳಿಯುತ್ತದೆ. ಬಾಗಿದುದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಸಲ್ಲದು. ಅದು ಕೂತಿದ್ದ ಎರಕದ ಸುತ್ತ ಬಿರುಕಿದೆಯೇ ಎಂದೂ ನೋಡಬೇಕು.

ಇನ್ನು ಅಕ್ಕನ ಪ್ರಶ್ನೆ. ಇದರಿಂದ ಸವಾರನ ಕಾಲು ಉಳಿಯುತ್ತದೆಯೇ? ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಮತ್ತು ಅವರ ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ 900 ಮೋಟಾರು ಸೈಕಲ್ ಅಪಘಾತಗಳ ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಕೊಳವೆಯ ಕ್ರ್ಯಾಶ್ ಬಾರ್‌ಗಳ ಬಗೆಗೆ ಅವರು ಕಂಡುಕೊಂಡುದು ಸಮಾಧಾನ ತರುವಂಥದಲ್ಲ. ಪಾದ, ಹರಡುಗಳಿಗೆ ಆಗುವ ಗಾಯ ಅವುಗಳಿಂದ ಕಡಿಮೆಯಾಗುತ್ತಿತ್ತು; ಆದರೆ ತೊಡೆ, ಮೊಣಕಾಲು, ಕೆಳಗಾಲುಗಳಿಗೆ ಆಗುವ ಗಾಯ ಹೆಚ್ಚಾಗಿ ಲಾಭವೆಲ್ಲ ಸರಿತೂಗಿಹೋಗುತ್ತಿತ್ತು. ತಲೆಗೆ ಆಗುವ ಗಾಯವನ್ನು ತಡೆಯುವುದರಲ್ಲಿ ಹೆಲ್ಮೆಟ್ಟಿನ ಪಾತ್ರವೇ ನಿರ್ಣಾಯಕವೆಂದೂ, ಗಟ್ಟಿ ಬೂಟು, ಜಾಕೆಟ್ಟು, ಕೈಗವಸುಗಳು ತರಚು ಗಾಯಗಳನ್ನು ತಡೆಯುತ್ತವೆಂದೂ ಅದೇ ವರದಿ ಹೇಳಿತು. ಕೊಳವೆಯ ಕಥೆಯೇ ಹೀಗಿರುವಾಗ ಮುಷ್ಟಿಗಾತ್ರದ ಗುಬುಟು ಮನುಷ್ಯನನ್ನು ಕಾಯುತ್ತದೆಂದು ನಂಬುವುದಕ್ಕೆ ಆಧಾರವಿಲ್ಲ. ಅಕ್ಕನಿಗೆ ನಾನು ಹೇಳಿದ್ದೂ ಇದನ್ನೇ: "ಇದು ಬೈಕಿನ ಖರ್ಚನ್ನು ಉಳಿಸುತ್ತದೆ, ಹುಡುಗನನ್ನಲ್ಲ."

ಹಾಗೆಂದು ಇದು ವ್ಯರ್ಥವೆಂದೇನೂ ಅರ್ಥವಲ್ಲ. ಸಾಲ ಮಾಡಿ ಬೈಕು ಕೊಂಡ ಮನೆಗೆ ಒಂದು ಮಗುಚಾಟದಿಂದ ಬರುವ ಬಿಲ್ಲು ಸಣ್ಣದಲ್ಲ. ಆದರೆ ಹಣ ಖರ್ಚು ಮಾಡುವುದಕ್ಕೊಂದು ಕ್ರಮವುಂಟು. ಮೊದಲು ಐ.ಎಸ್.ಐ. ಗುರುತಿನ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟು. ಆಮೇಲೆ ಕೈಗವಸು, ಬೂಟು, ಜಾಕೆಟ್ಟು. ಅನಂತರ ಸವೆಯದ ಟೈರು, ಒಳ್ಳೆಯ ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ, ಬೀಳದಂತೆ ತಡೆಯುವುದರಲ್ಲಿ ಅದಕ್ಕಿರುವ ಶಕ್ತಿ ಯಾವ ಗುಬುಟಿಗೂ ಇಲ್ಲ. ಇಷ್ಟೆಲ್ಲ ಆದಮೇಲೆ ಕೈಯಲ್ಲಿ ಹಣ ಉಳಿದರೆ ಸ್ಲೈಡರನ್ನು ಹಾಕಿಸಬಹುದು. ಹಾಕಿಸುವಾಗ ಅಳತೆಪಟ್ಟಿಯೂ ಟಾರ್ಕ್ ರೆಂಚೂ ಇರುವ ಗ್ಯಾರೇಜಿಗೇ ಹೋಗಿ. ಅವೆರಡನ್ನೂ ಬಳಸುವವರೆಗೆ ಅಲ್ಲೇ ನಿಂತು ನೋಡಿ.