ಕಡಲೆಯ ನೆಟೆರೋಗ

ಬಳಗಾನೂರಿನ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವಲ್ಲಿ ಬತ್ತ ಬೆಳೆಯುತ್ತದೆ. ನೀರು ಏರದ ಎರೆಹೊಲಗಳಲ್ಲಿ ಹಿಂಗಾರಿನ ಜೋಳ, ಕಡಲೆ. ಮಳೆಗಾಲವು ನೆಲದಲ್ಲಿ ಉಳಿಸಿಹೋದ ತೇವವೇ ಕಡಲೆಗೆ ಆಧಾರ. ಆ ತೇವವಿನ್ನೂ ಆರದಿರುವಾಗಲೇ, ಬಿತ್ತಿದ ಮೂರು ವಾರಗಳಲ್ಲಿಯೇ, ಹಸುರು ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ ತಲೆಬಾಗಿ ಬಾಡುವುದುಂಟು. ನೆಲದಲ್ಲಿ ನೀರಿದ್ದೂ ಗಿಡವು ಬಾಯಾರಿ ಸಾಯುವುದೇಕೆ?

ಅಂತಹ ಗಿಡವೊಂದನ್ನು ಬೇರುಸಹಿತ ಕಿತ್ತು, ಬುಡವನ್ನು ಉದ್ದುದ್ದಕ್ಕೆ ಸೀಳಿ ನೋಡೋಣ. ಬೇರಿನ ಹೊರಮೈ ಕೊಳೆತಿರುವುದಿಲ್ಲ. ಒಳಗಿನ ನೀರ್ನಾಳಗಳು ಮಾತ್ರ ಕಡುಕಂದಾಗಿರುತ್ತವೆ. ಇದು ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರದ ಕೆಲಸ. ಅದು ಮಣ್ಣಿನಿಂದ ಬೇರನ್ನು ಹೊಕ್ಕು ನಾಳಗಳಲ್ಲಿ ತನ್ನ ಎಳೆಗಳನ್ನು ಹಬ್ಬಿಸುತ್ತದೆ. ಗಿಡವೂ ಆತ್ಮರಕ್ಷಣೆಗೆಂದು ಅಂಟಿನಂತಹ ವಸ್ತುವಿನಿಂದ ಅವೇ ನಾಳಗಳನ್ನು ಮುಚ್ಚುತ್ತದೆ. ಕಳ್ಳನನ್ನು ತಡೆಯಹೋಗಿ ಮನೆಯವರ ಬಾಗಿಲನ್ನೇ ಮುಚ್ಚಿದಂತಾಯಿತು! ಇದನ್ನೇ ನಮ್ಮ ರೈತರು ನೆಟೆರೋಗವೆನ್ನುವುದು.

ಕವಲುಬೇರುಗಳು ಉದುರಿ, ತಾಯಿಬೇರು ಒಣಗಿ ಪಟಕ್ಕನೆ ಮುರಿದರೆ ಅದು ಬೇರೊಂದು ಶಿಲೀಂಧ್ರದಿಂದಾಗುವ ಒಣ ಬೇರುಕೊಳೆ. ಬಿಸಿಲೇರಿ ನೆಲ ಬಿರಿಯುವಾಗ ಅದರ ಹಾವಳಿ ಹೆಚ್ಚು.

ನೆಟೆ ಕಣ್ಣಿಗೆ ಬಿದ್ದ ಮೇಲೆ ಆ ಗಿಡ ಉಳಿಯದು. ಒಂದೆರಡು ವರ್ಷ ಜೋಳ ಬಿತ್ತಿದ ಮಾತ್ರಕ್ಕೆ ಹೊಲ ಶುದ್ಧವಾಗುವುದೂ ಇಲ್ಲ. ಕಡಲೆಯ ಗಿಡವೇ ಇಲ್ಲದಿದ್ದರೂ ಈ ಶಿಲೀಂಧ್ರ ಆರು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿರಬಲ್ಲದು. ಬೀಜದೊಡನೆಯೂ ಅದು ಹೊಸ ಹೊಲಕ್ಕೆ ಸಾಗುತ್ತದೆ. ಆದ್ದರಿಂದ ಮಾಡಬೇಕಾದುದೆಲ್ಲ ಬಿತ್ತುವ ಮೊದಲೇ. ಒಂದು ಕಿಲೋಗ್ರಾಂ ಬೀಜಕ್ಕೆ ೪ ಗ್ರಾಂ ಟ್ರೈಕೊಡರ್ಮವನ್ನು ಲೇಪಿಸುವುದು ವಾಡಿಕೆ. ಇದೂ ಶಿಲೀಂಧ್ರವೇ! ಬೇರಿನ ಬಳಿ ನೆಲೆಸಿ, ಶತ್ರುವಿನ ಎಳೆಗಳನ್ನು ಸುತ್ತಿ, ಅವುಗಳ ಭಿತ್ತಿಯನ್ನು ಕರಗಿಸಿಬಿಡುತ್ತದೆ. ಆದರೆ ಕಾರ್ಬೆಂಡಜಿಮ್ ಲೇಪಿಸಿದ ಬೀಜಕ್ಕೆ ಇದನ್ನು ಬಳಿದರೆ ಸತ್ತವನಿಗೆ ಕಾವಲು ಒಪ್ಪಿಸಿದಂತೆಯೇ ಸರಿ.

ತಳಿಯ ಕಥೆ ಇನ್ನೂ ಸ್ವಾರಸ್ಯಕರ. ನಮ್ಮ ಸೀಮೆಯ ಅಚ್ಚುಮೆಚ್ಚಿನ ಅಣ್ಣಿಗೇರಿ-೧ ಬರಬರುತ್ತ ನೆಟೆಗೆ ತುತ್ತಾಗತೊಡಗಿತು. ರಾಯಚೂರು ಕೃಷಿ ವಿಶ್ವವಿದ್ಯಾನಿಲಯದವರು ಅದನ್ನು ಡಬ್ಲ್ಯೂಆರ್-೩೧೫ ಎಂಬ ರೋಗನಿರೋಧಕ ತಳಿಯೊಡನೆ ಸಂಕರಿಸಿ, ಸಂತತಿಯನ್ನು ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸಿದರು. ನಿರೋಧಗುಣ ಯಾವ ಸಸಿಗೆ ಬಂದಿದೆಯೆಂಬುದನ್ನು ರೋಗ ತಗುಲುವವರೆಗೆ ಕಾಯದೆ, ಡಿಎನ್ಎ ಗುರುತುಗಳಿಂದಲೇ ಪತ್ತೆಹಚ್ಚಿದರು. ಹೀಗೆ ದೊರೆತ ಸೂಪರ್ ಅಣ್ಣಿಗೇರಿ-೧ರ ವಿವರ ೨೦೧೯ರಲ್ಲಿ ಪ್ರಕಟವಾಯಿತು. ಆದರೂ ಬೀಜೋಪಚಾರವನ್ನು ಬಿಡುವಂತಿಲ್ಲ: ನೆಟೆಯನ್ನು ತಡೆಯಲೆಂದು ಸೇರಿಸಿದ ಈ ಗುಣ ಒಣ ಬೇರುಕೊಳೆಯನ್ನು ತಡೆಯದು.