ಹಿಮದ ಕುದುರೆಗೆ ಯಾವ ಎಂಜಿನ್?

ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಚಳಿಗಾಲವೆಂದರೆ ರಸ್ತೆ, ಹೊಲ, ಕೆರೆ ಎಲ್ಲವೂ ಹಿಮದ ಹಾಸಿನಡಿ ಮಾಯವಾಗುವ ಕಾಲ. ಆಗ ಅಲ್ಲಿ ಓಡಾಡುವ ಬಂಡಿಯೇ ಸ್ನೋಮೊಬೈಲ್. ಇದಕ್ಕೆ ಮುಂದೆ ಎರಡು ಜಾರುಹಲಗೆ, ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟಿ. ಸವಾರ ಕೂರುವುದು ಮಾತ್ರ ಮೋಟಾರ್ ಸೈಕಲ್ಲಿನಂತೆಯೇ. ಭಾರತದಲ್ಲಿ ಇದನ್ನು ನೋಡಬೇಕೆಂದರೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಬಹುದು.

ಪ್ರತಿವರ್ಷ ಫೆಬ್ರುವರಿ, ಮಾರ್ಚ್ ಹೊತ್ತಿಗೆ ತಯಾರಕರು ಮುಂದಿನ ಚಳಿಗಾಲದ ಮಾದರಿಗಳನ್ನು ತೆರೆದಿಡುತ್ತಾರೆ. ಅದಕ್ಕೂ ತಿಂಗಳುಗಳ ಮೊದಲೇ ಸವಾರರಲ್ಲಿ ಊಹಾಪೋಹ ಶುರುವಾಗಿರುತ್ತದೆ. ಹೊಸ ವೇಗದ ಬಂಡಿಗೆ ಯಾವ ಎಂಜಿನ್? ಟೂ-ಸ್ಟ್ರೋಕೋ, ಫೋರ್-ಸ್ಟ್ರೋಕೋ? ಟರ್ಬೊ ಇದೆಯೇ? ಬ್ಯಾಟರಿ ಬರುತ್ತದೆಯೇ? ಹೊರನೋಟಕ್ಕೆ ಇದು ಹರಟೆ. ಆದರೆ ಸರಿಯಾಗಿ ಊಹಿಸಬೇಕೆಂದರೆ ಹಿಮದ ಆಳ, ಬೆಟ್ಟದ ಎತ್ತರ, ಸರ್ಕಾರದ ಕಾನೂನು, ಪೆಟ್ರೋಲಿನ ಗುಣ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಂಜಿನಿಯರಿಂಗ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಕಡಿಮೆ.

ತೂಕವೇ ಮೊದಲ ಶತ್ರು

ಸ್ನೋಮೊಬೈಲಿನ ಕಥೆ ಆರಂಭವಾದದ್ದೇ ತೂಕದ ಜಗಳದಿಂದ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನ ಜೋಸೆಫ್-ಆರ್ಮಂಡ್ ಬೊಂಬಾರ್ಡಿಯೆ 1922ರಲ್ಲಿ, ತನ್ನ 15ನೆಯ ವಯಸ್ಸಿನಲ್ಲೇ, ಹಳೆಯ ಫೋರ್ಡ್ ಕಾರಿನ ಎಂಜಿನ್ ಮತ್ತು ಮರದ ಪಂಖ ಜೋಡಿಸಿ ಹಿಮದ ಮೇಲೆ ಬಂಡಿ ಓಡಿಸಿದ ಹುಡುಗ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ಬೇನೆ ಬಂತು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಆಮೇಲೆ ಬೊಂಬಾರ್ಡಿಯೆ ಹಲವು ಜನ ಕೂರುವ ದೊಡ್ಡ ಹಿಮವಾಹನಗಳನ್ನು ತಯಾರಿಸಿ ಹೆಸರಾದರು. ಒಬ್ಬಿಬ್ಬರು ಕೂರುವ ಸಣ್ಣ ಬಂಡಿ ಮಾತ್ರ ಬಹುಕಾಲ ಕೈಗೂಡಲಿಲ್ಲ. ಸಾಕಷ್ಟು ಹಗುರಾದ ಎಂಜಿನ್ ಸಿಗದೆ ಇದ್ದದ್ದೇ ಕಾರಣ. ಅಂತೂ 1959ರಲ್ಲಿ ‘ಸ್ಕಿ-ಡೂ’ ಬಂತು. ಅದರ ಮೊದಲ ಎಂಜಿನ್ ಏಳು ಅಶ್ವಶಕ್ತಿಯ ಪುಟ್ಟ ಫೋರ್-ಸ್ಟ್ರೋಕ್! ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ ಟೂ-ಸ್ಟ್ರೋಕ್ ಆ ಜಾಗ ಹಿಡಿಯಿತು.

ಏಕೆ? ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೊಮ್ಮೆ ಇಂಧನ ಉರಿಸುತ್ತದೆ, ಫೋರ್-ಸ್ಟ್ರೋಕ್ ಎರಡು ಸುತ್ತಿಗೊಮ್ಮೆ. ಟೂ-ಸ್ಟ್ರೋಕಿಗೆ ವಾಲ್ವ್, ಕ್ಯಾಮ್‌ಗಳ ಗೊಡವೆಯಿಲ್ಲ. ಹೀಗಾಗಿ ಅದೇ ಶಕ್ತಿಗೆ ಎಂಜಿನ್ ಚಿಕ್ಕದು, ಹಗುರ. ಮಂಡಿವರೆಗಿನ ಪುಡಿಹಿಮದಲ್ಲಿ ಹೂತುಹೋಗದೆ ತೇಲಬೇಕಾದ ಬಂಡಿಗೆ ಒಂದೊಂದು ಕಿಲೋ ಕೂಡ ಲೆಕ್ಕ.

ಹಾಲಿನಲ್ಲಿ ಪಾತ್ರೆ ತೊಳೆದಂತೆ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ಡಿ ಬೈಕ್ ಓಡಿಸಿದ ತಂದೆಯರಿಗೆ ಟೂ-ಸ್ಟ್ರೋಕಿನ ಹೊಗೆ, ವಾಸನೆ, ಪೆಟ್ರೋಲಿಗೆ ಬೆರೆಸುತ್ತಿದ್ದ ಆಯಿಲ್ ಎಲ್ಲ ನೆನಪಿರುತ್ತದೆ. ಆ ಹೊಗೆಗೆ ಕಾರಣ ಎಣ್ಣೆಯೊಂದೇ ಅಲ್ಲ. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಗಾಳಿ-ಪೆಟ್ರೋಲ್ ಮಿಶ್ರಣ ಒಳಬರುವ ಕಿಂಡಿಯೂ ಒಂದು ಗಳಿಗೆ ಒಟ್ಟಿಗೇ ತೆರೆದಿರುತ್ತವೆ. ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ನೂಕಿ ಹೊರಹಾಕಬೇಕು. ಆ ನೂಕಾಟದಲ್ಲಿ ಅದರ ಒಂದಷ್ಟು ಪಾಲು ಉರಿಯದೆಯೇ ಹೊರಗೆ ಸೋರಿಹೋಗುತ್ತದೆ. ಕಾರ್ಬ್ಯುರೇಟರ್ ಇದ್ದ ಎಂಜಿನ್‌ಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಪೆಟ್ರೋಲ್ ಹೀಗೆ ಪೋಲಾಗುವುದುಂಟು. ಹಾಲು ಕಾಯಿಸುವ ಪಾತ್ರೆಯನ್ನು ಹಾಲಿನಿಂದಲೇ ತೊಳೆದಂತೆ!

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಇದು ದೊಡ್ಡ ವಿವಾದವಾಯಿತು. ಸಾಲುಗಟ್ಟಿ ನಿಂತ ಸ್ನೋಮೊಬೈಲ್‌ಗಳ ಹೊಗೆ ತಾಳಲಾರದೆ ಪ್ರವೇಶದ್ವಾರದ ಸಿಬ್ಬಂದಿ ಮುಖವಾಡ ಧರಿಸಿದ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹೊಗೆ ನಿಯಮಗಳನ್ನು ಪ್ರಕಟಿಸಿತು. 2006ರ ಮಾದರಿಗಳಿಂದ ಅವು ಹಂತ ಹಂತವಾಗಿ ಜಾರಿಗೆ ಬಂದವು.

ತಪ್ಪಿದ ಭವಿಷ್ಯವಾಣಿ

ಟೂ-ಸ್ಟ್ರೋಕಿನ ಕಥೆ ಮುಗಿಯಿತು ಎಂದು ಹಲವರು ನಂಬಿದ್ದು ಆ ದಿನಗಳಲ್ಲೇ. ಜಪಾನಿನ ಯಮಹಾ ಕಂಪನಿ ತನ್ನ ಆರ್1 ಮೋಟಾರ್ ಸೈಕಲ್ಲಿನ ಎಂಜಿನ್ ಆಧರಿಸಿ, 998 ಸಿಸಿಯ ನಾಲ್ಕು ಸಿಲಿಂಡರುಗಳ ‘ಆರ್‌ಎಕ್ಸ್-1’ ಸ್ನೋಮೊಬೈಲನ್ನು 2003ರ ಮಾದರಿಯಾಗಿ ತಂದಿತು. ಎಂಜಿನ್ ಸುತ್ತುತ್ತಿದ್ದ ವೇಗ ನಿಮಿಷಕ್ಕೆ 10 ಸಾವಿರಕ್ಕೂ ಹೆಚ್ಚು. ಆದರೆ ಸ್ನೋಮೊಬೈಲ್‌ಗೆ ಗೇರ್ ಬದಲಿಸುವ ಪೆಟ್ಟಿಗೆಯಿಲ್ಲ. ಗೇರಿಲ್ಲದ ಸ್ಕೂಟರಿನಂತೆ ರಬ್ಬರ್ ಬೆಲ್ಟೇ ಶಕ್ತಿಯನ್ನು ಸಾಗಿಸುತ್ತದೆ. ಅಷ್ಟು ವೇಗ ಆ ಬೆಲ್ಟಿನ ರಾಟೆಗಳಿಗೆ ಒಗ್ಗದು. ಅದಕ್ಕಾಗಿ ನಡುವೆ ವೇಗ ತಗ್ಗಿಸುವ ಹಲ್ಲುಚಕ್ರಗಳನ್ನು ಕೂರಿಸಬೇಕಾಯಿತು. ಹೊಗೆ ಕಡಿಮೆಯಾಯಿತು, ಬಾಳಿಕೆ ಹೆಚ್ಚಿತು, ಜೊತೆಗೆ ತೂಕವೂ ಏರಿತು. ಹದವಾದ ಹಾದಿಯಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಅದು ಹುಲಿ. ಆಳವಾದ ಪುಡಿಹಿಮದಲ್ಲಿ ಭಾರವೇ ಅದಕ್ಕೆ ಮುಳುವು.

ಇತ್ತ ಕೆಲವರು ಬೇರೊಂದು ಪ್ರಶ್ನೆ ಕೇಳಿದರು. ತಪ್ಪು ಟೂ-ಸ್ಟ್ರೋಕಿನದೋ, ಅಥವಾ ಪೆಟ್ರೋಲನ್ನು ಒಳಗೆ ಬಿಡುವ ಹೊತ್ತಿನದೋ? ಬರೀ ಗಾಳಿಯಿಂದ ಸಿಲಿಂಡರ್ ತೊಳೆದು, ಕಿಂಡಿ ಮುಚ್ಚಿಕೊಳ್ಳುವ ಹೊತ್ತಿಗೆ ಪೆಟ್ರೋಲನ್ನು ನೇರವಾಗಿ ಒಳಗೆ ಸಿಂಪಡಿಸಿದರೆ? ನೀರಿನಲ್ಲಿ ಪಾತ್ರೆ ತೊಳೆದು ಆಮೇಲೆ ಹಾಲು ಸುರಿಯುವ ಕ್ರಮ ಇದು. ಹೇಳಲು ಸುಲಭ. ಆದರೆ ನಿಮಿಷಕ್ಕೆ 8,000 ಸುತ್ತು ತಿರುಗುವ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ ಸಾವಿರದಲ್ಲಿ ಏಳೂವರೆ ಪಾಲು ಮಾತ್ರ. ಸಿಂಪಡಿಸಿ, ಬೆರೆಸಿ, ಕಿಡಿ ಹೊತ್ತಿಸುವ ಕೆಲಸಕ್ಕೆ ಅದರಲ್ಲೂ ಒಂದು ತುಣುಕು. ವೇಗದ ಇಂಜೆಕ್ಟರ್ ಮತ್ತು ಕಂಪ್ಯೂಟರ್ ಚಿಪ್ ಇದನ್ನು ಸಾಧ್ಯವಾಗಿಸಿದವು. 2009ರ ಮಾದರಿಯ ಸ್ಕಿ-ಡೂ ಬಂಡಿಗಳಲ್ಲಿ ‘ಇ-ಟೆಕ್’ ಹೆಸರಿನಲ್ಲಿ ಈ ಎಂಜಿನ್ ಬಂತು.

ಈ ಹುಡುಕಾಟದಲ್ಲಿ ವಿದ್ಯಾರ್ಥಿಗಳ ಪಾಲೂ ಇದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ, 2000ದಲ್ಲಿ ‘ಕ್ಲೀನ್ ಸ್ನೋಮೊಬೈಲ್ ಚಾಲೆಂಜ್’ ಎಂಬ ಸ್ಪರ್ಧೆ ಆರಂಭಿಸಿತು. ಕಾಲೇಜು ತಂಡಗಳು ಮಾರುಕಟ್ಟೆಯ ಬಂಡಿಯೊಂದನ್ನು ಪಡೆದು ಅದರ ಹೊಗೆ, ಸದ್ದು ತಗ್ಗಿಸಬೇಕು. ಓಟದ ಸುಖ ಮಾತ್ರ ಕೆಡಬಾರದು. 2007ರಲ್ಲಿ ಐಡಾಹೊ ವಿಶ್ವವಿದ್ಯಾಲಯದ ತಂಡ ಗೆದ್ದದ್ದು ನೇರ ಸಿಂಪಡಣೆಯ ಟೂ-ಸ್ಟ್ರೋಕ್ ಎಂಜಿನ್ನಿನಿಂದಲೇ.

ಎತ್ತರದ ಲೆಕ್ಕ

ಇನ್ನು ಬೆಟ್ಟದ ಮಾತು. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಷ್ಟೇ. ಗಾಳಿ ಕಡಿಮೆಯಾದರೆ ಉರಿಯುವ ಇಂಧನವೂ ಕಡಿಮೆ. ಕೆಳಗೆ 165 ಅಶ್ವಶಕ್ತಿ ಕೊಡುವ ಎಂಜಿನ್ ಅಲ್ಲಿ ಸುಮಾರು 125ಕ್ಕೆ ಇಳಿಯುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದಕ್ಕೆ ಮದ್ದು. ಆದರೆ ಟೂ-ಸ್ಟ್ರೋಕಿನ ಹೊಗೆ ಕೊಳವೆಯೇ ಒಂದು ವಾದ್ಯವಿದ್ದಂತೆ. ಅದರೊಳಗೆ ಹಿಂದಿರುಗುವ ಒತ್ತಡದ ಅಲೆಗಳು ಸೋರುವ ಗಾಳಿಯನ್ನು ಮತ್ತೆ ಒಳಗೆ ನೂಕುತ್ತವೆ. ಟರ್ಬೊ ಸೇರಿಸಿದಾಗ ಆ ಶ್ರುತಿ ಕೆಡಬಾರದು. 2019ರಲ್ಲಿ ಸ್ಕಿ-ಡೂ, ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದ 849 ಸಿಸಿ ಟೂ-ಸ್ಟ್ರೋಕ್ ಬಂಡಿಯನ್ನು ಪ್ರಕಟಿಸಿತು. ಸುಮಾರು 2,400 ಮೀಟರ್ ಎತ್ತರದವರೆಗೂ 165 ಅಶ್ವಶಕ್ತಿ ಇಳಿಯದಂತೆ ಅದನ್ನು ರೂಪಿಸಿದ್ದರು. 2021ರಲ್ಲಿ ಪೋಲಾರಿಸ್ ಕಂಪನಿಯೂ ತನ್ನ ಟರ್ಬೊ ಟೂ-ಸ್ಟ್ರೋಕ್ ತೋರಿಸಿತು. ಅತ್ತ ಫೋರ್-ಸ್ಟ್ರೋಕಿನ ಮೇಲೆ ನೆಚ್ಚಿಕೆಯಿಟ್ಟಿದ್ದ ಯಮಹಾ, 2025ರ ಮಾದರಿಗಳ ನಂತರ ಸ್ನೋಮೊಬೈಲ್ ವ್ಯಾಪಾರ ನಿಲ್ಲಿಸುವುದಾಗಿ 2023ರಲ್ಲಿ ಸಾರಿತು.

ಹಾಗಾದರೆ ಮುಂದಿನದು?

ವಿದ್ಯುತ್ ಮೋಟಾರಿಗೆ ಗಾಳಿಯೇ ಬೇಡ. ಎಷ್ಟು ಎತ್ತರ ಹತ್ತಿದರೂ ಶಕ್ತಿ ಕುಗ್ಗದು, ಸದ್ದೂ ಇಲ್ಲ. ತೊಡಕಿರುವುದು ಬ್ಯಾಟರಿಯಲ್ಲಿ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವಾಟ್-ಗಂಟೆ ಶಕ್ತಿಯಿದ್ದರೆ, ಒಂದು ಕಿಲೋ ಬ್ಯಾಟರಿಯಲ್ಲಿ ಅದರ ಕಾಲಂಶದ ಕಾಲಂಶವೂ ಇಲ್ಲ. ಮೋಟಾರಿನ ದಕ್ಷತೆ ಎಂಜಿನ್ನಿಗಿಂತ ಎಷ್ಟೋ ಹೆಚ್ಚಾದರೂ ಈ ಅಂತರ ತುಂಬುವುದಿಲ್ಲ. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಕಸುವು ಇನ್ನಷ್ಟು ಕುಗ್ಗುತ್ತದೆ. ಸ್ಕಿ-ಡೂ ತಂದ ವಿದ್ಯುತ್ ಬಂಡಿಯ ಓಟ ಸುಮಾರು 50 ಕಿಲೋಮೀಟರ್. ಪ್ರವಾಸಿಗರನ್ನು ಸುತ್ತಾಡಿಸಲು ಅಷ್ಟು ಸಾಕು, ದೂರದ ಬೆಟ್ಟಕ್ಕೆ ಸಾಲದು.

ಹೀಗೆ ಲೆಕ್ಕ ಹಾಕಿದರೆ ಊಹೆ ತಾನಾಗಿ ಮೂಡುತ್ತದೆ. ಬೆಟ್ಟದ ಬಂಡಿಗೆ ನೇರ ಸಿಂಪಡಣೆ ಮತ್ತು ಟರ್ಬೊ ಎರಡೂ ಇರುವ ಟೂ-ಸ್ಟ್ರೋಕ್. ಹಾದಿ-ಕೆರೆಗಳ ವೇಗದ ಬಂಡಿಗೆ ಟರ್ಬೊ ಫೋರ್-ಸ್ಟ್ರೋಕ್. ಪ್ರವಾಸಿ ತಾಣಕ್ಕೆ ಬ್ಯಾಟರಿ. ನಾಳೆ ಕಾನೂನು ಬಿಗಿಯಾದರೆ, ಇಲ್ಲವೇ ಬ್ಯಾಟರಿ ಹಗುರಾದರೆ ಈ ಊಹೆ ಬದಲಾಗಲೇಬೇಕು. ಇದನ್ನು ಪರೀಕ್ಷಿಸಲು ಗಾಳಿಸುದ್ದಿ ಬೇಕಿಲ್ಲ. ಕಂಪನಿಗಳ ಪೇಟೆಂಟ್ ಅರ್ಜಿಗಳು, ಸರ್ಕಾರಕ್ಕೆ ಒಪ್ಪಿಸುವ ಹೊಗೆ ಪ್ರಮಾಣಪತ್ರಗಳು ಯಾರು ಬೇಕಾದರೂ ಓದಬಹುದಾದ ದಾಖಲೆಗಳು.

ಇಪ್ಪತ್ತು ವರ್ಷಗಳ ಹಿಂದೆ ಟೂ-ಸ್ಟ್ರೋಕಿಗೆ ಚರಮಗೀತೆ ಹಾಡಿದವರು ಹೊಗೆಯನ್ನು ನೋಡಿದ್ದರು, ಅದರ ಮೂಲವನ್ನು ನೋಡಿರಲಿಲ್ಲ. ದೋಷ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿದವರು ಹಳೆಯ ಎಂಜಿನ್ನಿಗೇ ಹೊಸ ಆಯುಷ್ಯ ಕೊಟ್ಟರು.