ಮೀಟರ್ ಓಡ್ತಾ ಇದೆ, ಬೇಗ ಮುಗಿಸು!

ಇಸವಿ 2002. ಕೊನೇ ವರ್ಷದ ಇಂಜಿನಿಯರಿಂಗ್‌ನಲ್ಲಿದ್ದೆ. ಒಂದು ರಾತ್ರಿ ಇಂಟರ್ನೆಟ್ ಕನೆಕ್ಟ್ ಮಾಡಿ, ಒಂದು ಫೈಲ್ ಇಳಿಯಲಿ ಅಂತ ಕಾಯ್ತಾ ಕಾಯ್ತಾ ಕುರ್ಚಿಯಲ್ಲೇ ನಿದ್ದೆ ಹೋದೆ. ಫೈಲ್ ಹತ್ತೇ ನಿಮಿಷಕ್ಕೆ ಅರ್ಧದಲ್ಲಿ ನಿಂತಿತ್ತು. ಫೋನ್ ಲೈನ್ ಮಾತ್ರ ಬೆಳಗಿನವರೆಗೂ ಕಟ್ ಆಗಿರಲಿಲ್ಲ. ಅಂಥ ರಾತ್ರಿಗಳು ಇನ್ನೂ ಕೆಲವು ಆದವು ಅನ್ನಿ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು, ಯಾವತ್ತೂ ಐನೂರು ದಾಟದ್ದು, ಆ ಸಲ ಎರಡು ಸಾವಿರ ದಾಟಿತು.

ಮೇಷ್ಟ್ರಾಗಿದ್ದ ಅಪ್ಪ ಬೈಯಲಿಲ್ಲ. ಮೋಡೆಮ್‌ಗೆ ಹೋಗುವ ವೈರನ್ನು ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. “ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ದಿನಾ ಲೆಕ್ಕ ತೋರಿಸೋದಾದ್ರೆ ವಾಪಸ್ ಕೊಡ್ತೀನಿ ನೋಡು” ಅಂದರು. ಐಟಿ ಕೆಲಸಗಳು ಒಣಗಿದ್ದ ವರ್ಷ ಅದು. ಇಂಟರ್ವ್ಯೂ ಕರೆ ಬಂದರೆ ಇಮೇಲ್‌ಗೇ ಬರಬೇಕು. ವೈರ್ ಬೇಕೇ ಬೇಕಿತ್ತು.

ಡಯಲ್-ಅಪ್ ನೋಡದವರಿಗೆ ಒಂದು ಮಾತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಬಾಗಿಲು ತೆರೆದಾಗಿನಿಂದ ಬ್ರಾಡ್‌ಬ್ಯಾಂಡ್ ಬರುವವರೆಗೂ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಇದೇ. ನಿಮ್ಮ ಮೋಡೆಮ್ ಇನ್ನೊಂದು ಮೋಡೆಮ್‌ಗೆ ಫೋನ್ ಮಾಡುತ್ತೆ, ಎರಡೂ ಕೀಚಲು ದನಿಯಲ್ಲಿ ಮಾತಾಡಿಕೊಳ್ಳುತ್ತವೆ, ಅಷ್ಟೂ ಹೊತ್ತು ಎಕ್ಸ್‌ಚೇಂಜಿನ ಮೀಟರ್ ಓಡುತ್ತೆ. ಮೋಡೆಮ್ ಡಬ್ಬದ ಮೇಲೆ 56 ಕೆಬಿಪಿಎಸ್ ಅಂತ ಇರುತ್ತಿತ್ತು. ಕೈಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕು ಕಿಲೋಬೈಟ್ ಆದರೆ ಪುಣ್ಯ. 5 ಎಂಬಿಯ ಒಂದು ಹಾಡಿಗೆ ಇಪ್ಪತ್ತು ನಿಮಿಷದ ಮೇಲೆ. ಅದರ ನಡುವೆ ಯಾರಾದರೂ ರಿಸೀವರ್ ಎತ್ತಿ “ಹಲೋ” ಅಂದರೆ ಎಲ್ಲ ಮೊದಲಿಂದ.

ವಿಂಡೋಸ್‌ನಲ್ಲೂ ಸುಮ್ಮನಿದ್ದರೆ ಲೈನ್ ಕಟ್ ಮಾಡುವ ಆಯ್ಕೆ ಇತ್ತು, ನಾನೇ ನೋಡಿರಲಿಲ್ಲ. ಆದರೆ ದುಡ್ಡಿನ ಲೆಕ್ಕ ಅದರಲ್ಲಿರಲಿಲ್ಲ. ಗೆಳೆಯನೊಬ್ಬ ಕಂಪ್ಯೂಟರ್ ಪತ್ರಿಕೆ ಜೊತೆ ಬಂದ ಲಿನಕ್ಸ್ ಸಿಡಿ ಕೊಟ್ಟು, “ಇದ್ರಲ್ಲಿ ಕೆಪಿಪಿಪಿ ಅಂತ ಇದೆ, ನಿಮ್ಮಪ್ಪನಿಗೆ ಇಷ್ಟ ಆಗುತ್ತೆ” ಅಂದ. ಮೊದಲ ದಿನವೇ ಎಡವಟ್ಟು. ನನ್ನ ಕಂಪ್ಯೂಟರ್‌ನಲ್ಲಿದ್ದದ್ದು ವಿನ್‌ಮೋಡೆಮ್. ಅರ್ಧ ಕೆಲಸವನ್ನು ವಿಂಡೋಸ್‌ನ ಸಾಫ್ಟ್‌ವೇರ್ ಮೇಲೆ ಹೊರಿಸುವ ಅಗ್ಗದ ಕಾರ್ಡು. ಲಿನಕ್ಸ್‌ಗೆ ಅದು ಮೋಡೆಮ್ ಅಂತಲೇ ಗೊತ್ತಾಗಲಿಲ್ಲ. ಡ್ರೈವರ್ ಇಂಟರ್ನೆಟ್‌ನಲ್ಲಿದೆ, ಇಂಟರ್ನೆಟ್‌ಗೆ ಹೋಗಲು ಡ್ರೈವರ್ ಬೇಕು! ಕೊನೆಗೆ ಅದೇ ಗೆಳೆಯನ ಹತ್ತಿರ ಕೆಂಪು ದೀಪ ಮಿನುಗುವ ಹಳೇ ಹೊರಗಿನ ಮೋಡೆಮ್ ಸಾಲ ತಂದೆ.

ಕೆಪಿಪಿಪಿ ನಿಜಕ್ಕೂ ಅಪ್ಪನಿಗಾಗಿಯೇ ಮಾಡಿದ ಹಾಗಿತ್ತು. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ಸೆಕೆಂಡಿಗೆ ಎಷ್ಟು ದುಡ್ಡು ಅಂತ ಒಂದು ಚಿಕ್ಕ ಫೈಲ್‌ನಲ್ಲಿ ನಾವೇ ಬರೆದುಕೊಡಬಹುದು. ಕನೆಕ್ಟ್ ಆದ ಕೂಡಲೇ ಪರದೆಯ ಮೇಲೆ ಸಮಯದ ಜೊತೆ ರೂಪಾಯಿಯೂ ಏರುತ್ತೆ, ಆಟೋ ಮೀಟರ್ ಥರ. ತಿಂಗಳ ಒಟ್ಟು ಲೆಕ್ಕವೂ ಸಿಗುತ್ತೆ. ಸ್ವತಂತ್ರ ತಂತ್ರಾಂಶ ಅಂದ್ರೆ ಬಿಟ್ಟಿ ಸಿಗೋದು ಅಂತಷ್ಟೇ ತಿಳಿದಿದ್ದೆ. ನಮ್ಮೂರಿನ ದರವನ್ನು ನಾನೇ ಬರೆದು ಸೇರಿಸಿದಾಗ ಉಳಿದ ಅರ್ಥವೂ ತಲೆಗೆ ಹೋಯಿತು.

ಕಿಟಕಿ, ಬಟನ್ ಬೇಡದವರಿಗೆ ಡಬ್ಲ್ಯೂವಿಡಯಲ್ ಇತ್ತು, ಕೆನಡಾದ ಡೇವ್ ಕೂಂಬ್ಸ್ ಮತ್ತು ಏವರಿ ಪೆನಾರನ್ ಬರೆದದ್ದು. ಅದಕ್ಕೂ ಮುಂಚೆ ಜನ ಚಾಟ್ ಸ್ಕ್ರಿಪ್ಟ್ ಅಂತ ಕೈಯಲ್ಲೇ ಬರೆಯಬೇಕಿತ್ತು: ಆ ಕಡೆಯಿಂದ ‘ಲಾಗಿನ್’ ಅಂತ ಬಂದರೆ ಹೆಸರು ಕಳಿಸು, ಆಮೇಲೆ ಪಾಸ್‌ವರ್ಡ್ ಕಳಿಸು. ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಗೊತ್ತಿಲ್ಲದ್ದಕ್ಕೆ ಅದನ್ನು ಬಿಟ್ಟು ‘ಓಗಿನ್’ ಅಂತ ಬರೆಯುವ ಜಾಣತನ ಎಲ್ಲರಿಗೂ ಗೊತ್ತಿತ್ತು. ಡಬ್ಲ್ಯೂವಿಡಯಲ್ ಇದನ್ನೆಲ್ಲ ತಾನೇ ಊಹಿಸುತ್ತಿತ್ತು. ಊಹೆ ಕೆಟ್ಟರೆ, ‘ಏನು ಮಾಡೋದೋ ಗೊತ್ತಿಲ್ಲ, ಶುರು ಮಾಡಿ ಒಳ್ಳೇದಾಗಲಿ ಅಂತ ಕಾಯ್ತೀನಿ’ ಎಂಬರ್ಥದ ಸಾಲು ತೋರಿಸಿ ಮುಂದುವರಿಯುತ್ತಿತ್ತು. ಇಷ್ಟು ಪ್ರಾಮಾಣಿಕವಾದ ಸಾಫ್ಟ್‌ವೇರ್ ನಾನು ಮತ್ತೆ ನೋಡಿಲ್ಲ.

ಇವೆರಡರ ಬೆನ್ನಿಗಿದ್ದ ನಿಜವಾದ ಕೆಲಸಗಾರ ಪಿಪಿಪಿಡಿ. ಅದಕ್ಕೆ ‘ಐಡಲ್ 180’ ಅಂತ ಹೇಳಿಟ್ಟರೆ ಮೂರು ನಿಮಿಷ ಏನೂ ಓಡಾಡದಿದ್ದಾಗ ತಾನೇ ಫೋನ್ ಇಡುತ್ತೆ. ಕುರ್ಚಿಯಲ್ಲಿ ನಿದ್ದೆ ಹೋಗುವವರಿಗೆ ಅಷ್ಟು ಸಾಕು. ಅರ್ಧಕ್ಕೆ ನಿಂತ ಫೈಲನ್ನು ನಿಂತಲ್ಲಿಂದಲೇ ಮುಂದುವರಿಸಲು ಡಬ್ಲ್ಯೂಗೆಟ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಆಫಲ್. ಇಂಟರ್ನೆಟ್ ಇಲ್ಲದಿದ್ದಾಗ ಲಿಂಕ್‌ಗಳನ್ನು ಒತ್ತುತ್ತಾ ಹೋದರೆ ಎಲ್ಲ ಗುರುತಿಟ್ಟುಕೊಂಡು, ಮುಂದಿನ ಸಲ ಕನೆಕ್ಟ್ ಆದಾಗ ಒಟ್ಟಿಗೆ ತಂದಿಡುತ್ತಿತ್ತು, ಸಂತೆಗೆ ಹೋಗುವವರ ಕೈಗೆ ಚೀಟಿ ಕೊಟ್ಟ ಹಾಗೆ. ಮೇಲ್ ಮೊದಲೇ ಬರೆದಿಟ್ಟು, ಡಯಲ್ ಮಾಡಿ, ಕಳಿಸಿ, ಬಂದದ್ದನ್ನು ಫೆಚ್‌ಮೇಲ್‌ನಲ್ಲಿ ಎಳೆದುಕೊಂಡು, ಫೋನ್ ಇಟ್ಟು, ಆಮೇಲೆ ನಿಧಾನವಾಗಿ ಓದೋದು. ನಾಲ್ಕು ನಿಮಿಷದ ಕೆಲಸ.

ಮುಂದಿನ ಬಿಲ್ಲು ಬಂತು. ಮನೆಯಿಂದ ಮಾಡಿದ ಪ್ರತಿ ಫೋನನ್ನೂ ಅಪ್ಪ ಪಕ್ಕದ ಪುಸ್ತಕದಲ್ಲಿ ಬರೆಸುತ್ತಿದ್ದರು. ಅದಕ್ಕೆ ನನ್ನ ಲೆಕ್ಕ ಕೂಡಿಸಿದರೂ ಬಿಲ್ಲಿನಲ್ಲಿ 41 ಕಾಲ್ ಜಾಸ್ತಿ. ವೈರ್ ಮತ್ತೆ ಬೀರು ಸೇರುತ್ತೆ ಅಂದುಕೊಂಡೆ. ಅಪ್ಪ ಕನ್ನಡಕ ತೆಗೆದು ಕೇಳಿದರು: “ಅದು ಕಿರುಚಿ ಕಿರುಚಿ ಒಳಗೆ ಬಿಡದೇ ಇರ್ತದಲ್ಲ, ಅದನ್ನ ಎಣಿಸಿದ್ಯಾ? ಆ ಕಡೆಯವರು ಎತ್ತಿದ ಮೇಲೆ ಮಾತಾಡಿದ್ರೂ ದುಡ್ಡೇ, ಆಡದಿದ್ರೂ ದುಡ್ಡೇ.”

ಎಣಿಸಿರಲಿಲ್ಲ. ಲಾಗಿನ್ ಆದ ಮೇಲಷ್ಟೇ ನನ್ನ ಲೆಕ್ಕ ಶುರುವಾಗುತ್ತಿತ್ತು. ಎಕ್ಸ್‌ಚೇಂಜಿನ ಮೀಟರ್ ಆ ಕಡೆಯ ಮೋಡೆಮ್ ಎತ್ತಿದ ಕ್ಷಣದಿಂದಲೇ. ಅದೃಷ್ಟಕ್ಕೆ ಪಿಪಿಪಿಡಿ ಪ್ರತಿ ಪ್ರಯತ್ನವನ್ನೂ ಲಾಗ್ ಫೈಲ್‌ನಲ್ಲಿ ಗಂಟೆ, ನಿಮಿಷ, ಸೆಕೆಂಡ್ ಸಮೇತ ಬರೆದಿಟ್ಟಿತ್ತು. ಇಬ್ಬರೂ ಕೂತು ಎಣಿಸಿದೆವು. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದೆ ವಾಪಸ್ ಕಳಿಸಿದ್ದು 38 ಸಲ. ಉಳಿದ ಮೂರು, ಅಕ್ಕ ಪುಸ್ತಕದಲ್ಲಿ ಬರೆಯದೇ ಬಿಟ್ಟವು ಅಂತ ಇವತ್ತಿಗೂ ನನ್ನ ಗುಮಾನಿ. ಇಂಟರ್ವ್ಯೂ ಕರೆ ಬಂದದ್ದು ಆಮೇಲಿನ ತಿಂಗಳು, ನಾಲ್ಕು ನಿಮಿಷದ ಒಂದು ಕನೆಕ್ಷನ್‌ನಲ್ಲಿ.

ಇದೆಲ್ಲ ಪೂರ್ತಿ ಹೋಗಿಲ್ಲ. ಹತ್ತು-ಹದಿನೈದು ವರ್ಷದ ಹಿಂದೆ ಯುಎಸ್‌ಬಿ ಡಾಂಗಲ್ ಬಳಸಿದ್ದರೆ ಅದು *99# ಅಂತ ಡಯಲ್ ಮಾಡುತ್ತಿದ್ದದ್ದು ನೆನಪಿರಬಹುದು. ಲಿನಕ್ಸ್‌ನಲ್ಲಿ ಅದಕ್ಕೂ ಡಬ್ಲ್ಯೂವಿಡಯಲ್ ಆಗುತ್ತಿತ್ತು. ಎಷ್ಟೋ ಮನೆಗಳ ಫೈಬರ್ ಕನೆಕ್ಷನ್‌ಗೆ ಇವತ್ತೂ ಪಿಪಿಪಿ ಲಾಗಿನ್ ಇದೆ, ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರ್ ಆದರೆ ಅದೇ ಹಳೇ ಪಿಪಿಪಿಡಿ ಒಳಗೆ ಕೂತಿರುತ್ತೆ.

ಅಪ್ಪನ ಮನೆಗೂ ಈಗ ಫೈಬರ್ ಬಂದಿದೆ. ತಿಂಗಳಿಗೆ ಇಂತಿಷ್ಟೇ, ಮೀಟರ್ ಇಲ್ಲ ಅಂತ ಎಷ್ಟು ಹೇಳಿದರೂ ರಾತ್ರಿ ಒಂಬತ್ತೂವರೆಗೆ ರೂಟರ್ ಸ್ವಿಚ್ ಆಫ್ ಮಾಡೇ ಮಲಗ್ತಾರೆ.